‘ಗಿಟಾರ್ ಬಿಟ್ಟ ರಾಕ್’ ಲೇಖಕರಿಗೆ

ನಮಸ್ಕಾರ. ರಾಕ್ ತಂಡಗಳು ಡಾನ್ಸ್ ಸಂಗೀತದತ್ತ ಹೊರಳಿದ ಬಗ್ಗೆ ನೀವು ಕಳಿಸಿದ ‘ಗಿಟಾರ್ ಬಿಟ್ಟ ರಾಕ್’ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ವಿಷಯ ಒಳ್ಳೆಯದು, ಭಾಷೆಯೂ ಸರಾಗ. ಆದರೆ ಹನ್ನೊಂದು ತಂಡಗಳ ಹೆಸರು ಬಂದುಹೋದರೂ ಒಂದು ಹಾಡೂ ಕಿವಿಗೆ ಬೀಳುವುದಿಲ್ಲ. ‘ಹೊಸ ಆಯಾಮ’, ‘ಮಾಂತ್ರಿಕ ಬೀಟ್’ ಎಂಬ ಮಾತುಗಳನ್ನು ಯಾವ ಹಾಡಿಗಾದರೂ ಅಂಟಿಸಬಹುದು.

ಒಂದೇ ಹಾಡು ಹಿಡಿಯಿರಿ. ನೀವು ಎರಡು ಸಾಲಿನಲ್ಲಿ ಮುಗಿಸಿರುವ, ಮ್ಯಾಂಚೆಸ್ಟರಿನ ನ್ಯೂ ಆರ್ಡರ್ ತಂಡದ 1983ರ ‘ಬ್ಲೂ ಮಂಡೇ’ ಸಾಕು. ‘ಗಿಟಾರ್ ಕೆಳಗಿಟ್ಟು ಕಂಪ್ಯೂಟರ್ ಗುಂಡಿ ಒತ್ತಿದರು’ ಎಂದಿದ್ದೀರಿ. ಎರಡೂ ತಪ್ಪು. ಡ್ರಮ್ ಬಂದದ್ದು ಓಬರ್‌ಹೈಮ್ ಡಿಎಂಎಕ್ಸ್ ಯಂತ್ರದಿಂದ, ಮಿಡಿಯುವ ಬೇಸ್, ಅಂದರೆ ಕೆಳಸ್ಥಾಯಿಯ ಸ್ವರಗಳು, ಮೂಗ್ ಸೋರ್ಸ್ ಎಂಬ ಸಿಂಥ್‌ನಿಂದ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಲಿಮಣೆ ವಾದ್ಯ). ಸ್ವರಗಳನ್ನು ನೆನಪಿಟ್ಟು ಸಿಂಥ್‌ನಿಂದ ನುಡಿಸುವ ಸೀಕ್ವೆನ್ಸರ್ ಅಂತೂ ತಂಡದ ಗಾಯಕ ಬರ್ನಾರ್ಡ್ ಸಮ್ನರ್ ಬಿಡಿಭಾಗಗಳ ಕಿಟ್ ತಂದು ತಾವೇ ಜೋಡಿಸಿದ್ದು. ಅದಕ್ಕೆ ಪ್ರತಿಯೊಂದು ಸ್ವರವನ್ನೂ ಕೈಯಾರೆ ತುಂಬಬೇಕಿತ್ತು. ತಂಡದ ಕೀಬೋರ್ಡ್ ವಾದಕಿ ಗಿಲಿಯನ್ ಗಿಲ್ಬರ್ಟ್ ಇಡೀ ಹಾಡನ್ನು ಎ4 ಹಾಳೆಗಳಲ್ಲಿ ಬರೆದು, ಒಂದಕ್ಕೊಂದು ಟೇಪ್ ಹಚ್ಚಿ, ಸ್ಟುಡಿಯೋ ಉದ್ದಕ್ಕೂ ಹಾಸಿಕೊಂಡು ತುಂಬಿದರು. ಒಂದು ಸ್ವರ ಬಿಟ್ಟುಹೋಯಿತು, ಸಿಂಥ್ ರಾಗ ತಾಳದಿಂದ ತುಸು ಜಾರಿತು. ಆ ಜಾರು ಇವತ್ತಿಗೂ ಹಾಡಿನಲ್ಲಿದೆ. ಹೆಡ್‌ಫೋನ್ ಹಾಕಿ ಹುಡುಕಿ, ಅದನ್ನು ಬರೆಯಿರಿ.

ಗಿಟಾರೂ ಎಲ್ಲಿಗೂ ಹೋಗಿಲ್ಲ. ತಂಡದ ಪೀಟರ್ ಹುಕ್, ನ್ಯೂ ಆರ್ಡರ್‌ನ ಹಿಂದಿನ ರೂಪವಾದ ಜಾಯ್ ಡಿವಿಷನ್ ಕಾಲದಿಂದಲೂ, ಬೇಸ್ ಗಿಟಾರಿನಲ್ಲಿ ಎತ್ತರದ ಸ್ವರ ಕೊಡುವ ಮೇಲಿನ ಫ್ರೆಟ್‌ಗಳಲ್ಲಿ (ಮೆಟ್ಟಿಲುಗಳಲ್ಲಿ) ರಾಗ ನುಡಿಸುತ್ತಿದ್ದವರು. ಹಾಗಾಗಿ ಕೆಳಸ್ಥಾಯಿ ಖಾಲಿ ಇತ್ತು, ಯಂತ್ರ ಅಲ್ಲಿ ಬಂದು ಕೂತಿತು. ಬಹಳಷ್ಟು ರಾಕ್ ತಂಡಗಳು ಎಡವುವುದು ಇಲ್ಲೇ. ಕಾಲಿನಿಂದ ಬಾರಿಸುವ ದೊಡ್ಡ ಕಿಕ್ ಡ್ರಮ್ಮೂ ಬೇಸ್ ಗಿಟಾರೂ 50ರಿಂದ 100 ಹರ್ಟ್ಸ್‌ನ ತಗ್ಗು ಸ್ಥಾಯಿಯಲ್ಲಿ ಒತ್ತೊತ್ತಾಗಿ ನಿಂತರೆ ದೊಡ್ಡ ಸ್ಪೀಕರಿನಲ್ಲಿ ಎರಡೂ ಕಲಸಿಹೋಗುತ್ತವೆ. ಈಗಿನವರು ಸೈಡ್‌ಚೈನ್ ಕಂಪ್ರೆಷನ್ (ಒಂದು ದನಿ ಬಂದಾಗ ಇನ್ನೊಂದನ್ನು ತಾನೇ ತಗ್ಗಿಸುವ ತಂತ್ರ) ಹಾಕಿ, ಕಿಕ್ ಬಿದ್ದಾಗಲೆಲ್ಲ ಬೇಸನ್ನು ತಗ್ಗಿಸುತ್ತಾರೆ. ನಿಮಿಷಕ್ಕೆ 130 ಬೀಟ್ ಎಂದರೆ ಬೀಟಿಗೆ 0.46 ಸೆಕೆಂಡು, ಅಷ್ಟರೊಳಗೆ ಬೇಸ್ ಪೂರ್ತಿ ಮೇಲೇಳದಿದ್ದರೆ ಹಾಡಿಗೆ ತಳವೇ ಇರುವುದಿಲ್ಲ. ಇನ್ನು ಡ್ರಮ್ಮರ್ ಯಂತ್ರದ ಕಿಕ್‌ಗಿಂತ 30 ಮಿಲಿಸೆಕೆಂಡ್ ತಡಮಾಡಿದರೂ ಒಂದು ಪೆಟ್ಟು ಎರಡಾಗಿ ಕೇಳುತ್ತದೆ. ‘ಬೆಸುಗೆ ಸರಿಯಾಗಲಿಲ್ಲ’ ಎಂದು ನಾಲ್ಕು ಕಡೆ ಬರೆದಿದ್ದೀರಲ್ಲ, ಅಲ್ಲೆಲ್ಲ ಇಂಥದೊಂದು ಕಾರಣ ಬೇಕು.

‘ಬ್ಲೂ ಮಂಡೇ’ಯ ಆರಂಭ ಸುಮ್ಮನೆ ‘ಎಳೆದಾಟ’ ಎಂಬ ಟೀಕೆ ತೆಗೆಯಿರಿ. ಏಳೂವರೆ ನಿಮಿಷದ ಆ ಹಾಡಿನಲ್ಲಿ ದನಿ ಬರುವುದು ಎರಡು ನಿಮಿಷ ದಾಟಿದ ಮೇಲೆ. ಹಾಡುವ ದನಿಯಿಲ್ಲದ ಅಷ್ಟು ಜಾಗ ಡೀಜೆಗೆ ಬೇಕು, ಹಿಂದಿನ ಹಾಡಿಗೆ ಇದನ್ನು ಹೊಂದಿಸಲು.

ಜಾಯ್ ಡಿವಿಷನ್ ‘ಮಾರುಕಟ್ಟೆಗಾಗಿ ಹೆಸರು ಬದಲಿಸಿತು’ ಎಂಬುದು ಸುಳ್ಳು. ಗಾಯಕ ಇಯಾನ್ ಕರ್ಟಿಸ್ 1980ರ ಮೇ ತಿಂಗಳಲ್ಲಿ ತೀರಿಕೊಂಡರು, ಉಳಿದವರು ನ್ಯೂ ಆರ್ಡರ್ ಎಂಬ ಹೊಸ ಹೆಸರಿಟ್ಟುಕೊಂಡರು. ಸತ್ತವರ ವಿಷಯ, ಪರಿಶೀಲಿಸದೆ ಬರೆಯಬೇಡಿ.

ಎರಡನೇ ಉದಾಹರಣೆ ಬೇಕೇ ಬೇಕೆಂದರೆ ಪ್ರೈಮಲ್ ಸ್ಕ್ರೀಮ್ ತಂಡದ 1990ರ ‘ಲೋಡೆಡ್’ ತೆಗೆದುಕೊಳ್ಳಿ. ಅಲ್ಲಿ ತಂಡ ತನ್ನದೇ ಹಳೆಯ ಹಾಡನ್ನು ಡೀಜೆ ಆಂಡ್ರ್ಯೂ ವೆದರಾಲ್ ಕೈಗೆ ಕೊಟ್ಟಿತು, ಮುಲಾಜಿಲ್ಲದೆ ಒಡೆದುಹಾಕಲು ಹೇಳಿತು. ಮೂಲ ಗಾಯನ ಬಹುಪಾಲು ಹೋಯಿತು. ಇದನ್ನು ‘ಮಾರಿಕೊಂಡರು’ ಎಂದು ಕರೆಯುವ ಮುನ್ನ ಎರಡೂ ರೂಪಗಳನ್ನು ಪಕ್ಕಪಕ್ಕ ಕೇಳಿ.

ಯಾವ ವಾದ್ಯ ಎಷ್ಟನೇ ಸೆಕೆಂಡಿಗೆ ಬರುತ್ತದೆ, ಯಾವಾಗ ಸುಮ್ಮನಾಗುತ್ತದೆ ಎಂದು ಮೊದಲು ಪಟ್ಟಿ ಮಾಡಿಕೊಳ್ಳಿ. ಆಮೇಲೆ 1200 ಪದಗಳೊಳಗೆ ಹೊಸದಾಗಿ ಬರೆದು, ಆ ಪಟ್ಟಿಯನ್ನೂ ಜೊತೆಗಿಟ್ಟು ಕಳಿಸಿ.