ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಇಸಿಇ (ಪುಟ್ಟ ಮಕ್ಕಳ ಶಿಕ್ಷಣ) ಓದಿ ಆಮೇಲೆ ಯೂನಿವರ್ಸಿಟಿಗೆ ಹೋದರೆ ಓದಿದ್ದು ವ್ಯರ್ಥ ಆಗುತ್ತದೆಯೇ?

ಸರಿಯಾದ ಡಿಗ್ರಿ ಆರಿಸಿಕೊಂಡರೆ ವ್ಯರ್ಥ ಆಗುವುದಿಲ್ಲ. ಸುಮ್ನೆ ‘ಎ.ಎಸ್.’ಗೆ (ಕಮ್ಯುನಿಟಿ ಕಾಲೇಜು ಕೊಡುವ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ) ಸೇರಬೇಡಿ, ‘ಎ.ಎಸ್.-ಟಿ’ ಕೇಳಿ. ‘ಟಿ’ ಅಂದರೆ ಟ್ರಾನ್ಸ್‌ಫರ್. 2010ರ ರಾಜ್ಯ ಕಾನೂನಿನ ಪ್ರಕಾರ, ಈ ಡಿಗ್ರಿಯ 60 ಯೂನಿಟ್ (ಕ್ರೆಡಿಟ್) ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಒಂದಲ್ಲ ಒಂದು ಕ್ಯಾಂಪಸ್‌ನಲ್ಲಿ ಸೀಟು ಖಚಿತ. ಅಲ್ಲಿ ಇದಕ್ಕೆ ಹೊಂದುವ ಮೇಜರ್ (ಪದವಿಯ ವಿಷಯ) ತೆಗೆದುಕೊಂಡರೆ ಇನ್ನು 60 ಯೂನಿಟ್‌ಗೆ ಬಿ.ಎ. ಆದರೆ ನೀವು ಬಯಸಿದ ಕ್ಯಾಂಪಸ್ಸೇ ಸಿಗುತ್ತದೆ ಅಂತಿಲ್ಲ. ಹಾಗಾಗಿ ಮೊದಲ ಸೆಮಿಸ್ಟರ್‌ನಲ್ಲೇ ಕೌನ್ಸೆಲರ್ ಹತ್ತಿರ ಕೂತು ಪ್ಲಾನ್ ಬರೆಸಿಕೊಳ್ಳಿ.

ನನಗೆ ಈ ದಾರಿ ಇಷ್ಟವಾಗುವುದು ಬೇರೆ ಕಾರಣಕ್ಕೆ. ಇಲ್ಲಿ ಬೇಗನೆ ಮಕ್ಕಳ ನಡುವೆ ಹೋಗುತ್ತೀರಿ. ಆಬ್ಸರ್ವೇಶನ್ ಕ್ಲಾಸಿಗಾಗಿ ಮೂಲೆಯ ಪುಟ್ಟ ಕುರ್ಚಿಯಲ್ಲಿ ಕೂತು, ಒಂದು ಮಗು ಮಾಡಿದ್ದನ್ನೆಲ್ಲ ಬರೆದುಕೊಳ್ಳಬೇಕು. ‘ಹಠ ಮಾಡಿತು’ ಅಂತ ಬರೆಯುವ ಹಾಗಿಲ್ಲ. ‘ಬ್ಲಾಕ್ ಎಸೆದು ಮೇಜಿನ ಕೆಳಗೆ ಹೋಗಿ ಕೂತಿತು’ ಅಂತ ಕಂಡದ್ದನ್ನಷ್ಟೇ ಬರೆಯಬೇಕು. ಇಂಥ ಕಣ್ಣು ಬಂದರೆ ಮಕ್ಕಳ ಜೊತೆ ಮಾತಾಡುವ ರೀತಿಯೇ ಬದಲಾಗುತ್ತದೆ, ಅಲ್ವಾ?

ದುಡಿಮೆಗೆ ಬಿ.ಎ. ಮುಗಿಯುವವರೆಗೆ ಕಾಯಬೇಕಿಲ್ಲ. ಮುಖ್ಯ ವಿಷಯಗಳೂ ಸೇರಿ 12 ಇಸಿಇ ಯೂನಿಟ್ ಮತ್ತು ಸ್ವಲ್ಪ ಅನುಭವ ಇದ್ದರೆ ಅಸೋಸಿಯೇಟ್ ಟೀಚರ್ ಪರ್ಮಿಟ್‌ಗೆ (ಪುಟ್ಟ ಮಕ್ಕಳಿಗೆ ಕಲಿಸಲು ರಾಜ್ಯ ಕೊಡುವ ಅನುಮತಿ) ಅರ್ಜಿ ಹಾಕಬಹುದು.