ಓದುಗರ ಪ್ರಶ್ನೆ: ಮರಳುಗಾಡಿನ ಆಟದಲ್ಲಿ ನೀರಿನ ಲೆಕ್ಕ

ಪ್ರಶ್ನೆ: ಮಾನ್ಯರೇ, ಭಾನುವಾರಗಳಂದು ನಮ್ಮ ಮನೆಯಲ್ಲಿ ಐವರು ಗೆಳೆಯರಿಗೆ ನಾನು ದಾಳ ಉರುಳಿಸುತ್ತ, ಪಾತ್ರಗಳಾಗಿ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ನಡೆಸುತ್ತೇನೆ. ಈ ಸಲದ ಕಥೆ ಆ ಆಟದ ‘ಡಾರ್ಕ್ ಸನ್’ ಎಂಬ ಕಲ್ಪಿತ ಜಗತ್ತಿನ ಮರಳುಗಾಡಿನಲ್ಲಿ ನಡೆಯುತ್ತಿದ್ದು, ನಿಯಮಗಳು 2014ರ ಐದನೆಯ ಆವೃತ್ತಿಯವು. ಎಲ್ಲ ಪಾತ್ರಗಳೂ ಮೂರನೆಯ ಲೆವೆಲ್‌ನಲ್ಲಿವೆ. ಕ್ಲೆರಿಕ್ (ಪುರೋಹಿತ) ಪಾತ್ರ ಆಡುವ ಗೆಳತಿ ದಿನಕ್ಕೊಮ್ಮೆ ಮಂತ್ರ ಹಾಕಿ ಎಲ್ಲರಿಗೂ ನೀರು ಒದಗಿಸಿಬಿಡುವುದರಿಂದ ಬಾಯಾರಿಕೆಯ ಭಯವೇ ಉಳಿದಿಲ್ಲ. ಆ ಮಂತ್ರವನ್ನು ನಿಷೇಧಿಸಬಹುದೇ?
— ಓದುಗರು, ಮಂಡ್ಯ

ಉತ್ತರ: ದಯವಿಟ್ಟು ನಿಷೇಧಿಸಬೇಡಿ. ಅವರು ನಿಯಮಗಳನ್ನು ಓದಿಕೊಂಡು, ತಮ್ಮ ಪಾತ್ರಕ್ಕೆ ದಕ್ಕಿದ ಶಕ್ತಿಯನ್ನು ತಂಡದ ಉಳಿವಿಗೆ ಬಳಸುತ್ತಿದ್ದಾರೆ. ಆಟಗಾರರಿಂದ ನಾವು ಬಯಸಬೇಕಾದದ್ದೇ ಅದು.

ಮೊದಲು ಲೆಕ್ಕ ನೋಡೋಣ. ನೀವು ಅನುಸರಿಸುವ ನಿಯಮಗಳ ಪ್ರಕಾರ ಒಬ್ಬರಿಗೆ ದಿನಕ್ಕೆ 1 ಗ್ಯಾಲನ್, ಬಿಸಿಲ ನಾಡಿನಲ್ಲಿ 2 ಗ್ಯಾಲನ್, ಅಂದರೆ ಸುಮಾರು ಏಳೂವರೆ ಲೀಟರ್ ನೀರು ಬೇಕು. ಐವರಿಗೆ 10 ಗ್ಯಾಲನ್ ಆಯಿತು. ಮಂತ್ರವನ್ನು ಒಂದನೆಯ ಮಟ್ಟದ ಸ್ಲಾಟ್‌ನಲ್ಲಿ (ಮಂತ್ರ ಹಾಕಿದಾಗಲೊಮ್ಮೆ ಖರ್ಚಾಗುವ ಶಕ್ತಿಯ ಪಾಲು) ಹಾಕಿದರೆ ಸಿಗುವುದೂ ಅಷ್ಟೇ. ನಿಮ್ಮ ಕ್ಲೆರಿಕ್ ಬಳಿ ಒಂದನೆಯ ಮಟ್ಟದ ನಾಲ್ಕು, ಎರಡನೆಯ ಮಟ್ಟದ ಎರಡು ಸ್ಲಾಟ್‌ಗಳಿದ್ದು, ರಾತ್ರಿ ಮಲಗಿ ಎದ್ದರೆ ಆರೂ ಮರಳಿ ಬರುತ್ತವೆ. ಹೀಗಿರುವಾಗ ಇಡೀ ತಂಡದ ದಾಹ ತಣಿಸಲು ಅವರು ತೆರುತ್ತಿರುವ ಬೆಲೆ ತೀರಾ ಅಲ್ಪ. ಸಮತೋಲ ಕೆಟ್ಟಿರುವುದು ಆ ಅಗ್ಗದ ವಿಶ್ರಾಂತಿಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಆಟ ನಡೆಸುವವರ ಕೈಪಿಡಿಯಲ್ಲೇ ಇದಕ್ಕೊಂದು ಪರ್ಯಾಯ ನಿಯಮವಿದೆ: ಒಂದು ರಾತ್ರಿಯ ನಿದ್ದೆಯನ್ನು ಕಿರು ವಿಶ್ರಾಂತಿಯೆಂದೂ, ಏಳು ದಿನಗಳ ತಂಗುವಿಕೆಯನ್ನು ದೀರ್ಘ ವಿಶ್ರಾಂತಿಯೆಂದೂ ಪರಿಗಣಿಸುವುದು. ಕ್ಲೆರಿಕ್‌ನ ಸ್ಲಾಟ್‌ಗಳು ಮರಳುವುದು ದೀರ್ಘ ವಿಶ್ರಾಂತಿಯ ನಂತರ ಮಾತ್ರ. ಇದನ್ನು ಜಾರಿಗೆ ತಂದು ಏಳು ದಿನಗಳ ಪಯಣವೊಂದನ್ನು ಲೆಕ್ಕ ಹಾಕಿ. ಐವರಿಗೆ 70 ಗ್ಯಾಲನ್ ನೀರು ಬೇಕು. ಎರಡನೆಯ ಮಟ್ಟದ ಸ್ಲಾಟ್‌ನಲ್ಲಿ 20 ಗ್ಯಾಲನ್ ಬರುವುದರಿಂದ, ಆರೂ ಸ್ಲಾಟ್‌ಗಳನ್ನು ಸುರಿದರೆ 80 ಗ್ಯಾಲನ್ ಸಿಗುತ್ತದೆ. ದಾರಿಯುದ್ದಕ್ಕೂ ನೀರನ್ನು ಮಂತ್ರದಿಂದಲೇ ಪಡೆಯುತ್ತೇವೆಂದರೆ ಗಾಯ ವಾಸಿಮಾಡಲು ಉಳಿಯುವುದು ಒಂದನೆಯ ಮಟ್ಟದ ಒಂದೇ ಒಂದು ಸ್ಲಾಟ್. ಆಗ ನಿಮ್ಮ ಗೆಳತಿ ಪ್ರತಿ ಸಂಜೆಯೂ ನಿಜವಾದ ನಿರ್ಧಾರವೊಂದನ್ನು ಮಾಡಬೇಕಾಗುತ್ತದೆ, ಉಳಿದವರೂ ಅವರ ಜೊತೆ ಕೂತು ಚರ್ಚಿಸುತ್ತಾರೆ. ನೀರು ತುಂಬುವುದು ತೆರೆದ ಪಾತ್ರೆಯಲ್ಲಿ, ಇಲ್ಲವಾದರೆ ಅದು ಮಳೆಯಾಗಿ ಸುರಿದು ಮರಳಿನಲ್ಲಿ ಇಂಗಿಹೋಗುತ್ತದೆ ಎಂಬುದನ್ನೂ ಮರೆಯಬೇಡಿ. ಒಂದು ಚರ್ಮದ ಚೀಲಕ್ಕೆ ಹಿಡಿಸುವುದು ಅರ್ಧ ಗ್ಯಾಲನ್ ಮಾತ್ರ. ಸುಮಾರು 38 ಲೀಟರ್ ಹಿಡಿಯುವ ಹಂಡೆಯನ್ನು ಈ ತಂಡದಲ್ಲಿ ಯಾರು ಹೊರುತ್ತಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ.

ಇಲ್ಲಿ ಒಂದು ಅಪಾಯವಿದೆ. ನೀರೇ ಸಿಗದವರಿಗೆ ಮೊದಲ ದಿನ ಒಂದು ಹಂತದ ಬಳಲಿಕೆ, ಮರುದಿನದಿಂದ ಎರಡೆರಡು ಹಂತ ಸೇರುತ್ತಾ ಹೋಗುತ್ತದೆ. ಆರನೆಯ ಹಂತವೆಂದರೆ ಸಾವು, ಅದು ನಾಲ್ಕನೆಯ ದಿನಕ್ಕೇ ಬರುತ್ತದೆ. ದೀರ್ಘ ವಿಶ್ರಾಂತಿಯೊಂದಕ್ಕೆ ಇಳಿಯುವುದು ಒಂದೇ ಹಂತವಾದ್ದರಿಂದ, ಹೊಸ ನಿಯಮದಲ್ಲಿ ಮೂರು ಹಂತ ಬಳಲಿದವರು ಚೇತರಿಸಿಕೊಳ್ಳಲು ಮೂರು ವಾರ ಬೇಕಾಗುತ್ತದೆ, ಕಥೆ ಅಲ್ಲಿಯೇ ನಿಂತುಬಿಡುತ್ತದೆ. ಆದ್ದರಿಂದ ಬಳಲಿಕೆಯ ಮಟ್ಟಿಗೆ ಮಾತ್ರ ವಿನಾಯಿತಿ ಕೊಟ್ಟು, ನೆರಳಿನಲ್ಲಿ ಸಾಕಷ್ಟು ನೀರು ಕುಡಿದು ಕಳೆದ ಒಂದು ರಾತ್ರಿಗೆ ಒಂದು ಹಂತ ಇಳಿಯಲಿ. ಕೆಲವರು ಮಂತ್ರದಿಂದ ಬರುವ ನೀರಿನ ಪ್ರಮಾಣವನ್ನೂ ತಗ್ಗಿಸುತ್ತಾರೆ. ವಿಶ್ರಾಂತಿಯ ನಿಯಮ ಬದಲಿಸಿದ ಮೇಲೆ ಅದನ್ನೂ ಮಾಡಬೇಡಿ, ತಂಡ ಬದುಕುವುದಿಲ್ಲ.

ಇನ್ನೊಂದು ಮಾತು. ಮುಂದಿನ ಬಾವಿ ಎಷ್ಟು ದಿನದ ದಾರಿ, ಅದು ಯಾರ ಹಿಡಿತದಲ್ಲಿದೆ, ಅಲ್ಲಿ ನೀರಿಗೆ ಏನು ಕೇಳುತ್ತಾರೆ ಎಂಬುದು ಹೊರಡುವ ಮೊದಲೇ ಆಟಗಾರರಿಗೆ ತಿಳಿದಿರಲಿ. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ದಿನಗಳು ಮುಂಚಿತವಾಗಿ ತಿಳಿದರೆ ನಿಮ್ಮ ಜಿಲ್ಲೆಯ ರೈತರು ಯಾವ ಬೆಳೆ ಇಡಬಹುದು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುತ್ತಾರಲ್ಲವೇ? ಆಟದ ಮೇಜಿನಲ್ಲೂ ಹಾಗೆಯೇ, ಮೊದಲೇ ಗೊತ್ತಿರುವ ಕೊರತೆಯನ್ನು ಮಾತ್ರ ಬುದ್ಧಿಯಿಂದ ಎದುರಿಸಲು ಸಾಧ್ಯ. ವಿಶ್ರಾಂತಿಯ ನಿಯಮ ಬದಲಿಸುವ ಮುನ್ನ ನಿಮ್ಮ ಗೆಳತಿಯ ಬಳಿ ಮಾತನಾಡಿ, ಒಪ್ಪಿಗೆಯಾಗದಿದ್ದರೆ ಪಾತ್ರ ಬದಲಿಸಿಕೊಳ್ಳುವ ಅವಕಾಶವನ್ನೂ ಕೊಡಿ.

ಪ್ರಶ್ನೆ: ನಮ್ಮ ತಂಡ 1991ರ ಮೂಲ ‘ಡಾರ್ಕ್ ಸನ್’ ನಿಯಮಗಳಂತೆಯೇ ಆಡುತ್ತಿದೆ. ನನ್ನದು ಕಳ್ಳನ ಪಾತ್ರ. ಗೆಳೆಯನ ಅರೆದೈತ್ಯ ಎಲ್ಲ ಕಾಳಗಗಳನ್ನೂ ಒಬ್ಬನೇ ಮುಗಿಸುತ್ತಾನೆ, ನಾನು ಪಕ್ಕದಲ್ಲಿ ನಿಂತು ನೋಡುತ್ತಿರುತ್ತೇನೆ. ಅವನ ಬಲ ತಗ್ಗಿಸುವಂತೆ ಕೇಳುವುದು ಸರಿಯೇ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು, ಆದರೆ ಕೇಳಬೇಕಾದದ್ದು ಬೇರೆ. ಈ ಜಗತ್ತನ್ನು ರೂಪಿಸಿದ ಟಿಮೊಥಿ ಬ್ರೌನ್ ಮತ್ತು ಟ್ರಾಯ್ ಡೆನ್ನಿಂಗ್ ಪಾತ್ರಗಳನ್ನು ಬೇಕೆಂದೇ ಬಲಿಷ್ಠವಾಗಿ ಮಾಡಿದರು. ಬೇರೆಡೆ ಆರು ಮುಖದ ಮೂರು ದಾಳ ಉರುಳಿಸಿ 3ರಿಂದ 18ರೊಳಗೆ ಪಡೆಯುವ, ಪಾತ್ರದ ಬಲ, ಬುದ್ಧಿ ಮೊದಲಾದ ಗುಣಗಳ ಅಂಕವನ್ನು ಇಲ್ಲಿ ನಾಲ್ಕು ಮುಖದ ಐದು ದಾಳಗಳಿಂದ 5ರಿಂದ 20ರೊಳಗೆ ಪಡೆಯುತ್ತೇವೆ. ಆಟ ಮೂರನೆಯ ಲೆವೆಲ್‌ನಿಂದಲೇ ಆರಂಭವಾಗುತ್ತದೆ. ಎಲ್ಲರಿಗೂ ಒಂದು ಮನಶ್ಶಕ್ತಿ ಇದ್ದೇ ಇರುತ್ತದೆ. ಇಷ್ಟನ್ನೂ ಕೊಟ್ಟು ಅವರು ಕಸಿದುಕೊಂಡದ್ದು ಸರಂಜಾಮನ್ನು. ಲೋಹ ಅಪರೂಪ, ನಾಣ್ಯ ಕೂಡ ಸುಟ್ಟ ಮಣ್ಣಿನದು. ಮೂಳೆಯ ಕತ್ತಿ ಹಿಡಿದರೆ ದಾಳಿಯ ದಾಳದಲ್ಲಿ ಒಂದು, ಹಾನಿಯಲ್ಲಿ ಒಂದು ಕಡಿತ. ಜನರು ಗಟ್ಟಿ, ಜಗತ್ತು ಬಡವು ಎಂಬ ಈ ಏರ್ಪಾಟಿನಲ್ಲಿ ಬಡತನವನ್ನು ಮೇಜಿನ ಮೇಲೆ ತಾರದೆ ಬಲವನ್ನು ಮಾತ್ರ ಉಳಿಸಿಕೊಂಡರೆ, ದುಪ್ಪಟ್ಟು ಪ್ರಾಣಾಂಕ (ಎಷ್ಟು ಪೆಟ್ಟು ತಾಳಬಲ್ಲನೆಂಬ ಅಂಕ) ಇರುವ ಅರೆದೈತ್ಯನೇ ಎಲ್ಲೆಡೆ ಮೆರೆಯುತ್ತಾನೆ.

ಆದ್ದರಿಂದ ಅವನಿಗೆ ಬೇಕಾದ ಹೆಚ್ಚುವರಿ ನೀರು ಮತ್ತು ಆಹಾರವನ್ನು ನಿಜವಾಗಿ ಲೆಕ್ಕವಿಡುತ್ತಿದ್ದೀರಾ ಎಂದು ಆಟ ನಡೆಸುವವರನ್ನು ಕೇಳಿ. ಅರೆದೈತ್ಯರ ಮನೋಧರ್ಮದ ಒಂದು ಭಾಗ ದಿನದಿಂದ ದಿನಕ್ಕೆ ಬದಲಾಗುತ್ತದೆಂಬ ನಿಯಮವೂ ಇದೆ. ಅದನ್ನು ಅನೇಕರು ಆಡದೆ ಬಿಟ್ಟುಬಿಡುತ್ತಾರೆ. ಕಾಳಗಗಳನ್ನು ಕಡಿಮೆ ಮಾಡಿ, ಟೈರ್ ನಗರದ ಸಂತೆ, ಗುಲಾಮರ ದೊಡ್ಡಿ, ಕಾವಲಿರುವ ಬಾವಿಗಳಲ್ಲಿ ದೃಶ್ಯಗಳನ್ನು ಹೂಡುವಂತೆ ವಿನಂತಿಸಿ. ಹತ್ತಡಿಗೂ ಎತ್ತರದ ಆಳು ಅಲ್ಲಿ ಅಡಗಿಕೊಳ್ಳಲಾರ. ಬೀಗ ತೆಗೆಯುವ, ಮಾತಿನಲ್ಲಿ ಮರುಳುಮಾಡುವ ನಿಮ್ಮ ಕಳ್ಳನಿಗೆ ಅಲ್ಲಿ ಕೈತುಂಬ ಕೆಲಸವಿರುತ್ತದೆ.

ಪ್ರಶ್ನೆ: ನಮ್ಮ ‘ಡಾರ್ಕ್ ಸನ್’ ಆಟದಲ್ಲಿ ಆಯುಧಗಳು ಪದೇಪದೇ ಮುರಿಯುತ್ತಿದ್ದು, ಆಟಗಾರರು ಸಿಟ್ಟಾಗುತ್ತಿದ್ದಾರೆ. ಈ ನಿಯಮವನ್ನು ಕೈಬಿಡಲೇ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಕೈಬಿಡುವ ಮೊದಲು 2010ರ ನಾಲ್ಕನೆಯ ಆವೃತ್ತಿಯ ಉಪಾಯವನ್ನು ಪ್ರಯತ್ನಿಸಿ ನೋಡಿ. ಹಳೆಯ ನಿಯಮದಲ್ಲಿ ಗರಿಷ್ಠ ಹಾನಿಯಾದಾಗಲೇ ಆಯುಧ ಮುರಿಯುವ ಸಂಭವವಿದ್ದು, ಒಳ್ಳೆಯ ಹೊಡೆತಕ್ಕೇ ದಂಡ ತೆತ್ತಂತಾಗುತ್ತಿತ್ತು. 2010ರಲ್ಲಿ ಅದನ್ನು ಆಟಗಾರರ ಆಯ್ಕೆಗೆ ಬಿಟ್ಟರು: ದಾಳಿಯ ದಾಳದಲ್ಲಿ 1 ಬಿದ್ದಾಗ ತಪ್ಪಿದ ಹೊಡೆತವನ್ನು ಒಪ್ಪಿಕೊಂಡು ಆಯುಧ ಉಳಿಸಿಕೊಳ್ಳಬಹುದು, ಇಲ್ಲವೇ ಮತ್ತೊಮ್ಮೆ ದಾಳ ಉರುಳಿಸಬಹುದು. ಹಾಗೆ ಉರುಳಿಸಿದರೆ ಫಲ ಏನೇ ಬರಲಿ, ಮೂಳೆ ಅಥವಾ ಕಲ್ಲಿನ ಆಯುಧ ಮುರಿದಂತೆಯೇ. ಮುರಿಯುವುದು ಅವರದೇ ನಿರ್ಧಾರವಾದಾಗ ಸಿಟ್ಟಿಗೆ ಕಾರಣ ಉಳಿಯುವುದಿಲ್ಲ. ಪ್ರತಿಯೊಬ್ಬರ ಸೊಂಟದಲ್ಲಿ ಹೆಚ್ಚುವರಿ ಮೂಳೆಯ ಬಾಕು ಒಂದಾದರೂ ಇರುವಂತೆ, ಊರುಗಳಲ್ಲಿ ಅದು ಅಗ್ಗವಾಗಿ ಸಿಗುವಂತೆ ಮಾತ್ರ ನೋಡಿಕೊಳ್ಳಿ.