ಹುಲ್ಲು ಕತ್ತರಿಸುವ ಗೆರೆ ಸರಿದರೂ ಕೋರ್ಸ್ ಬದಲಾಗುತ್ತದೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು: ಹಳೆಯ ಗಾಲ್ಫ್ ಕೋರ್ಸಿಗೆ ಹೊಸ ರೂಪ ಕೊಟ್ಟರೆ ಏನಾಗುತ್ತದೆ? ಕೋರ್ಸ್‌ಗಳ ವಿನ್ಯಾಸ, ದುರಸ್ತಿ ಕೆಲಸದಲ್ಲೇ ಬಹಳ ವರ್ಷ ಕಳೆದವನು ನಾನು. ಐದು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಕ್ಲಬ್‌ನ ಕೋರ್ಸಿಗೆ ಐವತ್ತು ವರ್ಷ ದಾಟಿದೆ. ಸಮಿತಿ ಈಗ ಹೊಸ ವಿನ್ಯಾಸ ಮಾಡಿಸಲು ಹೊರಟಿದೆ. ‘ಕೋರ್ಸಿನ ಗುಣವೇ ಹೋಗಿಬಿಡುತ್ತೆ’ ಅಂತ ಹಿರಿಯ ಮೆಂಬರ್‌ಗಳು ಗಲಾಟೆ ಮಾಡ್ತಿದ್ದಾರೆ. ಜಾಗ ಅದೇ, ಹದಿನೆಂಟು ಹೋಲ್‌ಗಳೂ ಅವೇ. ಈ ಗುಣ ಅಂದರೆ ಏನು ಸಾರ್?

ಉತ್ತರ: ಹಿರಿಯರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಹೋಲ್ ಇಟ್ಟುಕೊಂಡೇ ನೋಡೋಣ. ಹೋಲ್ ಅಂದರೆ ಮೊದಲ ಹೊಡೆತ ಹೊಡೆಯುವ ಟೀಯಿಂದ ಚೆಂಡು ಬೀಳಬೇಕಾದ ಗುಳಿಯವರೆಗಿನ ಹಾದಿ.

380 ಯಾರ್ಡ್ ಉದ್ದದ ಪಾರ್ 4, ಅಂದರೆ ನಾಲ್ಕು ಹೊಡೆತಕ್ಕೆ ಮುಗಿಸಬೇಕಾದ ಹೋಲ್. ಫೇರ್‌ವೇ, ಅಂದರೆ ನಡುವಿನ ಗಿಡ್ಡ ಹುಲ್ಲಿನ ಹಾದಿ, 50 ಯಾರ್ಡ್ ಅಗಲ. ಎಡಗಡೆ ಉದ್ದಕ್ಕೂ ಒಂದು ಹಳ್ಳ. ಗ್ರೀನ್‌ನ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಮುಂದೆ ಬಲಗಡೆಗೆ ಒಂದು ಆಳದ ಬಂಕರ್, ಅಂದರೆ ಮರಳಿನ ಗುಂಡಿ. ಇವತ್ತು ಪಿನ್, ಅಂದರೆ ಗುಳಿಯಲ್ಲಿ ನೆಟ್ಟ ಬಾವುಟದ ಕೋಲು, ಆ ಬಂಕರಿನ ಹಿಂದೆಯೇ ಇದೆ. ಹಳ್ಳದ ಪಕ್ಕಕ್ಕೆ ಹೊಡೆಯುವ ಧೈರ್ಯ ಮಾಡಿದವನಿಗೆ ಅಲ್ಲಿಂದ ಗ್ರೀನ್ ಬಾಗಿಲು ತೆರೆದಿಟ್ಟ ಹಾಗೆ ಕಾಣುತ್ತದೆ. ಹಳ್ಳಕ್ಕೆ ಹೆದರಿ ಬಲಕ್ಕೆ ಹೊಡೆದವನು ಬಂಕರ್ ದಾಟಿಸಿ, ಆಚೆ ಸಿಗುವ ಸ್ವಲ್ಪ ಜಾಗದಲ್ಲೇ ಚೆಂಡು ನಿಲ್ಲಿಸಬೇಕು. ಟೀ ಮೇಲೆ ನಿಂತಾಗಲೇ ತಲೆಯಲ್ಲಿ ಲೆಕ್ಕ ಶುರುವಾಗುತ್ತದೆ ಅಲ್ವಾ?

ಈಗ ಎರಡೂ ಕಡೆ ರಫ್, ಅಂದರೆ ಉದ್ದ ಹುಲ್ಲು, ಬೆಳೆಸಿ ಫೇರ್‌ವೇಯನ್ನು 27 ಯಾರ್ಡಿಗೆ ಇಳಿಸಿದರು ಅಂದುಕೊಳ್ಳಿ. ಒಂದು ಬುಟ್ಟಿ ಮಣ್ಣೂ ತೆಗೆದಿಲ್ಲ. ಸ್ಕೋರ್‌ಕಾರ್ಡಿನಲ್ಲಿ ಉದ್ದ ಅಷ್ಟೇ, ಪಾರ್ ಅಷ್ಟೇ. ಆದರೆ ಹಳ್ಳದ ಪಕ್ಕದ ಆ ಜಾಗದಲ್ಲಿ ಈಗ ಪಾದ ಮುಳುಗುವಷ್ಟು ಹುಲ್ಲು. ಧೈರ್ಯದವನೂ ಅಂಜುಬುರುಕನೂ ಇಬ್ಬರೂ ನಡುವಿಗೇ ಹೊಡೆಯುತ್ತಾರೆ. ಮೊದಲು ಆ ಹೋಲ್ ‘ಎಷ್ಟು ಅಪಾಯಕ್ಕೆ ಕೈ ಹಾಕ್ತೀಯ?’ ಅಂತ ಕೇಳುತ್ತಿತ್ತು. ಈಗ ‘ನೇರ ಹೊಡೀತೀಯಾ, ಇಲ್ವಾ?’ ಅಂತ ಮಾತ್ರ ಕೇಳುತ್ತದೆ. ನಾನು ಕೋರ್ಸಿನ ಗುಣ ಅನ್ನುವುದು ಈ ಪ್ರಶ್ನೆಯನ್ನೇ. ಅದನ್ನು ಬದಲಿಸಲು ಜೆಸಿಬಿ ಬೇಕಿಲ್ಲ. ಹುಲ್ಲು ಕತ್ತರಿಸುವ ಗೆರೆ ಹತ್ತು ಹೆಜ್ಜೆ ಒಳಗೆ ಬಂದರೆ ಸಾಕು.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಅಮೆರಿಕದ ನಾರ್ತ್ ಕ್ಯಾರೊಲಿನಾದ ಪೈನ್‌ಹರ್ಸ್ಟ್ ನಂಬರ್ 2. ಡೊನಾಲ್ಡ್ ರಾಸ್ ಮಾಡಿದ ಈ ಕೋರ್ಸ್ ಶುರುವಾದದ್ದು 1907ರಲ್ಲಿ. 1948ರಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ತಿದ್ದುತ್ತಲೇ ಇದ್ದರು. ಅಲ್ಲಿಯದು ಮರಳು ನೆಲ. ಅಗಲವಾದ ಫೇರ್‌ವೇ, ಅದರಾಚೆ ಬರೀ ಮರಳು, ಅಲ್ಲಲ್ಲಿ ತಂತಿಯಂಥ ಹುಲ್ಲಿನ ಪೊದೆ. ಮುಂದಿನ ದಶಕಗಳಲ್ಲಿ ನೀರು, ಗೊಬ್ಬರ ಸುರಿದು ಎಲ್ಲ ಕಡೆ ಹಸಿರು ಮಾಡಿದರು. ಫೇರ್‌ವೇಗಳು ಕಿರಿದಾದವು. ನೋಡೋಕೆ ಚೆನ್ನಾಗಿತ್ತು. ಆದರೆ ಬೇರೆ ಕೋರ್ಸ್‌ಗಳ ಹಾಗೇ ಕಾಣುತ್ತಿತ್ತು.

2010ರಲ್ಲಿ ಕೋರ್ಸ್ ವಿನ್ಯಾಸಕಾರರಾದ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಅದನ್ನು ಹಿಂದಿನ ರೂಪಕ್ಕೆ ತರುವ ಕೆಲಸಕ್ಕೆ ಇಳಿದರು. 1943ರಲ್ಲಿ ಆಕಾಶದಿಂದ ತೆಗೆದ ಫೋಟೊಗಳನ್ನು ಇಟ್ಟುಕೊಂಡರು. ನೆಲದಡಿ ಇದ್ದ ಹಳೆಯ ನೀರಿನ ಪೈಪಿನ ಸಾಲನ್ನು ಹಿಡಿದು ಹಳೆಯ ಫೇರ್‌ವೇಗಳ ಜಾಡು ಹುಡುಕಿದರು. ಸುಮಾರು 35 ಎಕರೆ ಹುಲ್ಲನ್ನು ಕಿತ್ತು ಹಾಕಿದರು. 1,150ರಷ್ಟಿದ್ದ ಸ್ಪ್ರಿಂಕ್ಲರ್‌ಗಳಲ್ಲಿ 450ರಷ್ಟು ಮಾತ್ರ ಉಳಿದವು. ಸಾಮಾನ್ಯ ಅರ್ಥದ ರಫ್ ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗಾಯಿತು. ಫೇರ್‌ವೇ ತಪ್ಪಿದ ಚೆಂಡು ಮರಳಿನ ಮೇಲೆ ಚೆನ್ನಾಗಿ ಕೂತಿರಬಹುದು, ಇಲ್ಲವೇ ಪೊದೆಯ ಬುಡಕ್ಕೆ ಅಂಟಿಕೊಂಡಿರಬಹುದು. ಹತ್ತಿರ ಹೋಗುವವರೆಗೂ ಗೊತ್ತಾಗುವುದಿಲ್ಲ. ದಟ್ಟ ರಫ್ ಆಗಿದ್ದರೆ ಎಲ್ಲರಿಗೂ ಒಂದೇ ಗತಿ: ವೆಜ್ (ಚೆಂಡನ್ನು ಮೇಲೆತ್ತಿ ಹೊಡೆಯುವ ಕೋಲು) ತೆಗೆದು ಹೊರಗೆ ಹಾಕು. ಇಲ್ಲಿ ಪ್ರತಿ ಸಲವೂ ‘ಹೊಡೀಲಾ, ಸುಮ್ನೆ ಫೇರ್‌ವೇಗೆ ಹಾಕ್ಲಾ’ ಅನ್ನುವ ಗೊಂದಲ. 2014ರಲ್ಲಿ ಪುರುಷರ ಮತ್ತು ಮಹಿಳೆಯರ ಯು.ಎಸ್. ಓಪನ್ ಎರಡೂ ಬೆನ್ನುಬೆನ್ನಿಗೆ ಇದೇ ಕೋರ್ಸಿನಲ್ಲಿ ನಡೆದವು. ಟಿವಿಯಲ್ಲಿ ನೋಡಿದ ಕೆಲವರು ‘ಇದೇನು, ಒಣಗಿ ಹೋಗಿದೆ’ ಅಂತ ಮೂಗು ಮುರಿದರು. ಮರಳು ನೆಲ ಮತ್ತೆ ಹೇಗಿರುತ್ತದೆ!

ಪ್ರಶ್ನೆ: ಹೊಸ ವಿನ್ಯಾಸದಲ್ಲಿ ನೂರಾರು ಮರ ಕಡಿಯಬೇಕಂತೆ. ಮನಸ್ಸಿಗೆ ಒಪ್ಪುತ್ತಿಲ್ಲ. ಮರಗಳಿಲ್ಲದ ಕೋರ್ಸ್ ಒಂದು ಕೋರ್ಸಾ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಆ ಮರಗಳನ್ನು ಯಾವಾಗ ನೆಟ್ಟರು ಅಂತ ಮೊದಲು ವಿಚಾರಿಸಿ. ಎಷ್ಟೋ ಕೋರ್ಸ್‌ಗಳಲ್ಲಿ ಅವು ಮೂಲ ವಿನ್ಯಾಸದಲ್ಲಿ ಇರಲೇ ಇಲ್ಲ.

ಪೆನ್ಸಿಲ್ವೇನಿಯಾದ ಓಕ್‌ಮಾಂಟ್ ನೋಡಿ. 1903ರಲ್ಲಿ ಹೆನ್ರಿ ಫೌನ್ಸ್ ಕಟ್ಟಿದಾಗ ಅದು ಗಾಳಿ ಬೀಸುವ ಬಯಲು. ಶತಮಾನದ ನಡುವಿನಲ್ಲಿ ಅಂದ ಹೆಚ್ಚಿಸಲು ಸಾವಿರಾರು ಗಿಡ ನೆಟ್ಟರು. ಅವು ಬೆಳೆದು ಒಂದೊಂದು ಹೋಲೂ ಒಂದೊಂದು ಓಣಿಯಾಯಿತು. 1990ರ ದಶಕದಲ್ಲಿ ಕಡಿಯಲು ಶುರು ಮಾಡಿದಾಗ ಕೆಲಸ ನಡೆದದ್ದು ಬೆಳಕು ಹರಿಯುವ ಮುಂಚೆ. ಮೆಂಬರ್‌ಗಳು ಬರುವಷ್ಟರಲ್ಲಿ ಮರವೂ ಇಲ್ಲ, ಪುಡಿಯೂ ಇಲ್ಲ. ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲವಂತೆ! ಗೊತ್ತಾದ ಮೇಲೆ ದೊಡ್ಡ ಜಗಳವೇ ಆಯಿತು. (ನಿಮ್ಮ ಸಮಿತಿ ಇದನ್ನು ಅನುಸರಿಸದಿದ್ದರೆ ಒಳ್ಳೆಯದು.) ಈಗ ಅಲ್ಲಿ ಕೋರ್ಸಿನ ಒಂದು ಮೂಲೆಯಿಂದ ಇನ್ನೊಂದು ಮೂಲೆ ಕಾಣುತ್ತದೆ. ಗಾಳಿ ಮತ್ತೆ ಆಟಕ್ಕೆ ಇಳಿದಿದೆ. ಮರ ಕಡಿದರೆ ಸುಲಭವಾಗುತ್ತೆ ಅನ್ನುವವರು ಅಲ್ಲೊಮ್ಮೆ ಆಡಿ ನೋಡಬೇಕು.

ಹುಲ್ಲಿನ ಆರೋಗ್ಯದ ಮಾತೂ ಇದೆ. ಗ್ರೀನ್‌ಗೆ ಬೆಳಗಿನ ಬಿಸಿಲು ಬೀಳದಿದ್ದರೆ ತೇವ ಆರುವುದಿಲ್ಲ, ಶಿಲೀಂಧ್ರ ಬರುತ್ತದೆ. ಬೇರುಗಳು ಗ್ರೀನ್‌ನ ನೀರು, ಗೊಬ್ಬರ ಕದಿಯುತ್ತವೆ.

ಹಾಗಂತ ಎಲ್ಲ ಮರವನ್ನೂ ಒಂದೇ ಕೋಲಿನಿಂದ ಅಳೆಯಬಾರದು. ಮಾಸ್ಟರ್ಸ್ ಟೂರ್ನಿ ನಡೆಯುವ ಅಮೆರಿಕದ ಅಗಸ್ಟಾ ನ್ಯಾಷನಲ್‌ನ 17ನೇ ಹೋಲಿನ ಎಡಗಡೆ ಒಂದು ಪೈನ್ ಮರ ಇತ್ತು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಆ ಕ್ಲಬ್‌ನ ಮೆಂಬರ್. ಅವರ ಚೆಂಡು ಮತ್ತೆ ಮತ್ತೆ ಅದಕ್ಕೇ ಬಡಿಯುತ್ತಿತ್ತು. 1956ರ ಸಭೆಯಲ್ಲಿ ‘ಕಡಿಸಿ’ ಅಂದರು. ಕ್ಲಬ್‌ನ ಮುಖ್ಯಸ್ಥ ಕ್ಲಿಫರ್ಡ್ ರಾಬರ್ಟ್ಸ್ ಸಭೆಯನ್ನೇ ಮುಗಿಸಿಬಿಟ್ಟರು. ದೇಶದ ಅಧ್ಯಕ್ಷರಿಗೂ ಬಗ್ಗದ ಆ ಮರ 2014ರ ಹಿಮಬಿರುಗಾಳಿಯಲ್ಲಿ ಹಾಳಾಯಿತು, ತೆಗೆಯಬೇಕಾಯಿತು. ಟೀಯಿಂದ ಹೊಡೆಯುವವನ ಕಣ್ಣಿಗೆ ಆ ಹೋಲ್ ಈಗ ಬೇರೆಯೇ. ಹೊಡೆತವನ್ನು ಯೋಚಿಸುವಂತೆ ಮಾಡುವ ಮರ ಇರಲಿ. ಸುಮ್ನೆ ಸಾಲಾಗಿ ನಿಂತವುಗಳ ಬಗ್ಗೆ ಚರ್ಚೆ ಮಾಡಿ.

ಪ್ರಶ್ನೆ: ಈಗಿನ ಹುಡುಗರು ಚೆಂಡನ್ನು ಬಹಳ ದೂರ ಹೊಡೀತಾರೆ. ಟೀಗಳನ್ನು ಹಿಂದಕ್ಕೆ ಹಾಕಿ ಉದ್ದ ಮಾಡಿದರೆ ಸಾಕಲ್ವಾ?

ಉತ್ತರ: 1997ರಲ್ಲಿ ಟೈಗರ್ ವುಡ್ಸ್ ಅಗಸ್ಟಾದಲ್ಲಿ 18 ಅಂಡರ್, ಅಂದರೆ ಪಾರ್‌ಗಿಂತ 18 ಹೊಡೆತ ಕಡಿಮೆ ಹೊಡೆದು, 12 ಸ್ಟ್ರೋಕ್ ಅಂತರದಿಂದ ಮಾಸ್ಟರ್ಸ್ ಗೆದ್ದರು. ಆಮೇಲೆ ಅಲ್ಲಿ ರಫ್ ಬೆಳೆಸಿದರು, ಮರ ನೆಟ್ಟರು. 2002ಕ್ಕೆ 285 ಯಾರ್ಡ್ ಉದ್ದ ಸೇರಿಸಿದರು. ಆ ವರ್ಷ ಗೆದ್ದವರು ಯಾರು? ಟೈಗರೇ! ಉದ್ದ ಹೆಚ್ಚಾದರೆ ಮೊದಲು ಸೋಲುವವನು ದೂರ ಹೊಡೆಯದವನು. ಸಮಿತಿಗಳಿಗೆ ಇದು ತಡವಾಗಿ ತಿಳಿಯುತ್ತದೆ.

ಉದ್ದವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದೇ ಅಗಸ್ಟಾದ 13ನೇ ಹೋಲ್ ಪಾರ್ 5. ಗ್ರೀನ್ ಮುಂದೆ ತೊರೆ. ಎರಡನೇ ಹೊಡೆತಕ್ಕೇ ತೊರೆ ದಾಟಿಸಬೇಕಾ, ಈಚೆ ನಿಲ್ಲಿಸಬೇಕಾ ಅನ್ನುವುದೇ ಅದರ ಜೀವ. ವೃತ್ತಿ ಆಟಗಾರರು ಸಣ್ಣ ಐರನ್‌ನಲ್ಲೇ (ಕಡಿಮೆ ದೂರಕ್ಕೆ ಹೊಡೆಯುವ ಕೋಲು) ದಾಟಿಸತೊಡಗಿದ ಮೇಲೆ ಆ ಪ್ರಶ್ನೆ ಸತ್ತೇ ಹೋಗಿತ್ತು. 2023ರಲ್ಲಿ ಟೀಯನ್ನು 35 ಯಾರ್ಡ್ ಹಿಂದಕ್ಕೆ ಹಾಕಿ 545 ಮಾಡಿದರು. ಯೋಚನೆ ವಾಪಸ್ ಬಂತು. ಅಲ್ಲಿ ಉದ್ದಕ್ಕೆ ಒಂದು ಕಾರಣ ಇತ್ತು.

ಅಲ್ಲಿನದೇ 10ನೇ ಹೋಲ್ ಇನ್ನೂ ಸ್ವಾರಸ್ಯ. 1937ರಲ್ಲಿ ಪೆರಿ ಮ್ಯಾಕ್ಸ್‌ವೆಲ್ ಗ್ರೀನ್ ಅನ್ನು ತಗ್ಗಿನಿಂದ ಕಿತ್ತು ಹಿಂದಿನ ದಿಬ್ಬದ ಮೇಲಿಟ್ಟರು. ಗ್ರೀನ್ ಪಕ್ಕದಲ್ಲಿದ್ದ ದೊಡ್ಡ ಬಂಕರ್ ಅಲ್ಲೇ ಉಳಿಯಿತು. ಇವತ್ತಿಗೂ ಅದು ಫೇರ್‌ವೇ ನಡುವೆ ಕೆಲಸವಿಲ್ಲದೆ ಬಿದ್ದಿದೆ, ಒಳ್ಳೆಯ ಆಟಗಾರ ಅದರೊಳಗೆ ಹೋಗುವುದು ಅಪರೂಪ. ಅದೆಷ್ಟು ಚೆಂದ ಇದೆ ಅಂದರೆ ತೆಗೆಯಲು ಯಾರಿಗೂ ಮನಸ್ಸು ಬಂದಿಲ್ಲ.

ಪ್ರಶ್ನೆ: ನಮ್ಮ ಗ್ರೀನ್‌ಗಳು ಮೊದಲು ದೊಡ್ಡದಿದ್ದವು ಅಂತ ಅಪ್ಪ ಹೇಳ್ತಾರೆ. ಯಾರೂ ಅಗೆದಿಲ್ಲ, ಮುಟ್ಟಿಲ್ಲ. ತಾವಾಗಿ ಚಿಕ್ಕದಾಗುತ್ತವಾ?

ಉತ್ತರ: ನಿಮ್ಮ ತಂದೆಯ ಮಾತು ನಿಜವೇ ಇರಬೇಕು. ಹುಲ್ಲು ಕತ್ತರಿಸುವವನು ಅಂಚಿಗೆ ಬಂದಾಗ ಪಕ್ಕದ ಉದ್ದ ಹುಲ್ಲನ್ನು ಬೋಳಿಸಿಬಿಡುವ ಭಯಕ್ಕೆ ಮಿಷನ್ ಅನ್ನು ಕೂದಲೆಳೆಯಷ್ಟು ಒಳಗೇ ತಿರುಗಿಸುತ್ತಾನೆ. ನಾಳೆಯೂ ಅಷ್ಟೇ. ಮೂವತ್ತು ವರ್ಷದಲ್ಲಿ ಸುತ್ತಲೂ ಹಲವು ಅಡಿ ಹೋಗಿರುತ್ತದೆ. ಮೂಲೆಗಳು ಸವೆದು ಎಲ್ಲ ಗ್ರೀನ್‌ಗಳೂ ದೋಸೆಯ ಹಾಗೆ ದುಂಡಗಾಗುತ್ತವೆ. ಒಳ್ಳೆಯ ಪಿನ್ ಜಾಗಗಳು ಇದ್ದದ್ದು ಆ ಮೂಲೆಗಳಲ್ಲೇ.

ಪತ್ತೆ ಮಾಡುವುದು ಸುಲಭ. ಮಣ್ಣು ತೆಗೆಯುವ ಟೊಳ್ಳು ಸಲಾಕೆ ಹಿಡಿದು ಗ್ರೀನ್‌ನ ಅಂಚಿನಿಂದ ಹೊರಕ್ಕೆ ಒಂದೊಂದೇ ಹೆಜ್ಜೆಗೆ ಚುಚ್ಚಿ ನೋಡಿ. ಗ್ರೀನ್ ಮೇಲೆ ವರ್ಷಾನುಗಟ್ಟಲೆ ಮರಳು ಹರಡಿರುತ್ತಾರೆ. ಹಾಗಾಗಿ ಸಲಾಕೆಯೊಳಗೆ ತಿಳಿ ಬಣ್ಣದ ಮರಳಿನ ಪದರಗಳು ಕಾಣುತ್ತವೆ. ಎಲ್ಲಿ ಆ ಪದರ ನಿಂತು ಬರೀ ಕಪ್ಪು ಮಣ್ಣು ಬರುತ್ತದೋ, ಅಲ್ಲಿತ್ತು ಹಳೆಯ ಗ್ರೀನ್‌ನ ಅಂಚು. ಒಮ್ಮೆ ಒಂದು ಕೋರ್ಸಿನಲ್ಲಿ ಹೀಗೇ ಚುಚ್ಚುತ್ತಾ ಹೋಗಿ ಏಳನೇ ಹೆಜ್ಜೆಗೆ ಬಂಕರಿನ ತುಟಿಗೇ ತಲುಪಿದೆವು. ‘ಈ ಬಂಕರ್ ಯಾಕೆ ಇಷ್ಟು ದೂರ ಇದೆ?’ ಅಂತ ಅಲ್ಲಿಯವರು ವರ್ಷಗಳಿಂದ ಕೇಳುತ್ತಿದ್ದರು. ಬಂಕರ್ ಇದ್ದಲ್ಲೇ ಇತ್ತು. ಓಡಿ ಹೋದದ್ದು ಗ್ರೀನ್.

ಇನ್ನೊಂದು ಮಾತು. ಗ್ರೀನ್ ಎಷ್ಟು ವೇಗ, ಅಂದರೆ ಅದರ ಮೇಲೆ ಚೆಂಡು ಎಷ್ಟು ಸಲೀಸಾಗಿ ಉರುಳುತ್ತದೆ ಅಂತ ಅಳೆಯುವ ಸ್ಟಿಂಪ್‌ಮೀಟರ್ ಅನ್ನು ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ರೂಪಿಸಿದರು. ಅಂದಿನ ಗ್ರೀನ್‌ಗಳು ಇಂದಿನವಕ್ಕಿಂತ ಎಷ್ಟೋ ನಿಧಾನ. ಆ ಕಾಲದ ಇಳಿಜಾರಿನ ಮೇಲೆ ಇವತ್ತಿನ ವೇಗದಲ್ಲಿ ಚೆಂಡು ನಿಲ್ಲುವುದಿಲ್ಲ. ಆಗ ಕ್ಲಬ್‌ಗಳು ಇಳಿಜಾರನ್ನೇ ತಟ್ಟಿ ಸಮ ಮಾಡುತ್ತವೆ. ಇದು ನನಗೆ ಸಿಟ್ಟು ಬರಿಸುವ ಕೆಲಸ. ಹುಲ್ಲನ್ನು ಒಂದು ಚೂರು ಉದ್ದ ಬಿಟ್ಟರೆ ಮುಗಿಯುತ್ತಿತ್ತು.

ಪ್ರಶ್ನೆ: ನಮ್ಮದು ಸಣ್ಣ ಕ್ಲಬ್. ಜಾಸ್ತಿ ಖರ್ಚಿಲ್ಲದೆ ಕೋರ್ಸ್ ಹೊಸದು ಅನ್ನಿಸುವ ಹಾಗೆ ಮಾಡಬಹುದಾ?

ಉತ್ತರ: ಮಾಡಬಹುದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸನ್ನು ಹಿಂದೆ ಈಗಿನದಕ್ಕೆ ಉಲ್ಟಾ ದಿಕ್ಕಿನಲ್ಲಿ ಆಡುತ್ತಿದ್ದರು. ಅದೇ ನೆಲ, ಅವೇ ಬಂಕರ್, ಆಟ ಮಾತ್ರ ಬೇರೆ. ಈಗಲೂ ಅಪರೂಪಕ್ಕೆ ಹಾಗೆ ಆಡಿಸುತ್ತಾರೆ. ಅಲ್ಲಿ ಹೆಚ್ಚಿನ ಗ್ರೀನ್‌ಗಳನ್ನು ಎರಡೆರಡು ಹೋಲ್ ಹಂಚಿಕೊಳ್ಳುವುದರಿಂದ ಇದು ನಡೆಯುತ್ತದೆ. ನಿಮ್ಮಲ್ಲಿ ಯಾರದಾದರೂ ತಲೆಗೆ ಚೆಂಡು ಬೀಳಬಹುದು, ಹಾಗಾಗಿ ಇದು ಬೇಡ.

ಅದರ ಬದಲು ಮೊದಲ ಒಂಬತ್ತನ್ನೂ ಕೊನೆಯ ಒಂಬತ್ತನ್ನೂ ಅದಲು ಬದಲು ಮಾಡಿ ನೋಡಿ. ಅಗಸ್ಟಾದಲ್ಲಿ 1934ರ ಮೊದಲ ಟೂರ್ನಿ ಮುಗಿದ ಮೇಲೆ ಹಾಗೇ ಮಾಡಿದರು. ಅಲ್ಲಿ ಇಂದು ಕೊನೆಯ ದಿನ ಎದೆ ಡವಗುಟ್ಟಿಸುವ 12, 13ನೇ ಹೋಲ್‌ಗಳು ಅಂದು ಬೆಳಗಿನ 3, 4. ನಿಮ್ಮ ಕಷ್ಟದ ಹೋಲ್‌ಗಳು ಈಗ ಶುರುವಿನಲ್ಲಿದ್ದರೆ ಒಂದು ತಿಂಗಳು ಪ್ರಯೋಗ ಮಾಡಿ, ಕಾರ್ಡ್ ಮಾತ್ರ ಬೇರೆ ಅಚ್ಚು ಹಾಕಿಸಿ. ಆದರೆ ಅದಕ್ಕೂ ಮುಂಚೆ ನಿಮ್ಮ 9ನೇ ಗ್ರೀನ್ ಕ್ಲಬ್‌ಹೌಸಿನ ಹತ್ತಿರ ಇದೆಯಾ ನೋಡಿ. ಇಲ್ಲದಿದ್ದರೆ ಪ್ರತಿ ಸಲ ಆಟ ಮುಗಿಸಿ ಅಷ್ಟು ದೂರ ನಡೆದು ಬರಬೇಕಾಗುತ್ತದೆ, ಮೆಂಬರ್‌ಗಳು ನಿಮ್ಮನ್ನು ಬಿಡುವುದಿಲ್ಲ.